ಜಗುಲಿಗೇರಿದ ಮುಖ

ನ್ಯಾಮತಿಯ ಹವಾಲ್ದಾರ್ ಜುಂಜಪ್ಪನವರು ತಮ್ಮದೇ ಮನೆಯ ದೇವರ ಜಗುಲಿಯ ಮೇಲೆ ಸತ್ತವರಾಗಿ ಕೂತು ಕಾಲು ಶತಮಾನ ದಾಟಿತ್ತು. ಹಾಗೆಂದು ಅವರಿಗೇನೂ ಆಗಿರಲಿಲ್ಲ. ಗಟ್ಟಿಮುಟ್ಟಾಗಿ ಪಡಸಾಲೆಯಲ್ಲಿ ಕೂತು ಸುತ್ತಿಗೆ ಆಡಿಸುತ್ತಿದ್ದರು.

ನಡೆದದ್ದಿಷ್ಟು. ಮೊದಲನೆಯ ಮಹಾಯುದ್ಧದಲ್ಲಿ ಅವರು ಬಸ್ರಾ ಕಡೆ ಹೋಗಿ ತುರ್ಕರಿಗೆ ಸೆರೆ ಸಿಕ್ಕರು. ವರ್ಷಗಟ್ಟಲೆ ಸುದ್ದಿಯಿಲ್ಲ. ಅವರ ಕಡೆಯ ಮನೆತನಗಳಲ್ಲಿ ಸತ್ತವರ ರೂಪವನ್ನು ಬೆಳ್ಳಿ ತಗಡಿನಲ್ಲಿ ಉಬ್ಬಿಸಿ, ಹೊನ್ನಾಳಿ ಹೊಳೆಯಲ್ಲಿ ತೊಳೆದು ತಂದು ಜಗುಲಿಗೆ ಏರಿಸುವ ಪದ್ಧತಿ. ಏರಿಸಿದ್ದನ್ನು ಇಳಿಸುವ ಹಾಗಿಲ್ಲ. ಹೆಂಡತಿ ಗಾದ್ರಮ್ಮ ಏರಿಸಿಯೇಬಿಟ್ಟಳು. ಯುದ್ಧ ಮುಗಿದು ಈ ಮಹಾರಾಯರು ಬಂದು ನೋಡಿದರೆ ತಮ್ಮ ಕಣ್ಣೆದುರೇ ತಮಗೆ ಎಡೆ! ಅದೂ ಆ ತಗಡಿನಲ್ಲಿದ್ದುದು ಯಾರ ಮುಖವೋ; ಎರಡು ಗುಂಡು ಕಣ್ಣು, ಒಂದು ಗೀಟು ಮೂಗು. ಸಿಟ್ಟು ನೆತ್ತಿಗೇರಿ ಮತ್ತೆ ಪಲ್ಟನ್ ಸೇರಿದರು. ಪಿಂಚಣಿಯಾಗುವವರೆಗೂ ಊರಿಗೆ ಬಂದದ್ದು ಅಪರೂಪ.

ಪಿಂಚಣಿಯಾದ ಮೇಲೆ ಮನೆಯಲ್ಲಿ ಕೂತು ಹುಚ್ಚು ಹಿಡಿಯುವಂತಾಯಿತು. ಕವಾಯತಿಲ್ಲ, ಕಹಳೆಯಿಲ್ಲ, ಎದುರಿಗೆ ಆ ಹಾಳು ಜಗುಲಿ. ಕೊನೆಗೆ ಅಕ್ಕಸಾಲಿ ಕಲ್ಲೇಶಪ್ಪನ ಹತ್ತಿರ ಹೋಗಿ ಉಬ್ಬು ಕೆಲಸ ಕಲಿತರು. ತಗಡನ್ನು ಅರಗಿನ ಮೇಲೆ ಕೂರಿಸಿ ಹಿಂದಿನಿಂದ ಬಡಿದರೆ ಮುಂದೆ ಕೆನ್ನೆ ಎದ್ದು ಬರುತ್ತಿತ್ತು. ಸತ್ತವರಿಗೆ ಅವರವರ ಮುಖವನ್ನಾದರೂ ಕೊಡಬೇಕೆಂಬ ಹಟ ಹಿಡಿಯಿತು. ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಹುಬ್ಬು ಹೇಗಿತ್ತು, ಗಲ್ಲ ಹೇಗಿತ್ತು ಎಂದು ಕೇಳಿ ಕೇಳಿ ಬಡಿಯುವರು. ಸವಳಂಗದಿಂದಲೂ ಜನ ಹುಡುಕಿಕೊಂಡು ಬಂದರು.

ಎರಡನೆಯ ಯುದ್ಧ ಮುಗಿದ ಮರುವರ್ಷ ಅದೇ ಓಣಿಯ ಅಜ್ಜಮ್ಮ ಬಂದಳು. ಮಗ ರೇವಣ್ಣ ಪಲ್ಟನ್ ಸೇರಿ ಬರ್ಮಾಕ್ಕೆ ಹೋದವನು. ಸತ್ತನೆಂಬ ತಂತಿಯೂ ಇಲ್ಲ, ಬದುಕಿದ್ದಾನೆಂಬ ಕಾಗದವೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ಉಡಿದಾರ ಇಟ್ಟಳು. ಅವನು ಕೂಸಾಗಿದ್ದಾಗ ಕಟ್ಟಿದ್ದು.

“ಇದನ್ನ ಕರಗಿಸಿ ಅವನ ತಗಡು ಮಾಡಿಕೊಡಣ್ಣ.”

ಜುಂಜಪ್ಪನವರ ಮೈ ಉರಿದುಹೋಯಿತು. “ಬದುಕಿರೋ ಮಗನ್ನ ಕೊಲ್ಲಾಕೆ ಬಂದೀಯೇನು? ನಾನು ತಿರುಗಿ ಬರಲಿಲ್ಲೇನು? ನನ್ನ ಕೈಲಿ ಆಗಲ್ಲ, ತಗಂಡು ಹೋಗು!”

ಅಜ್ಜಮ್ಮ ಉಡಿದಾರವನ್ನು ಮುಟ್ಟಲಿಲ್ಲ. ಕೂಗು ಕೇಳಿ ಒಳಗಿಂದ ಗಾದ್ರಮ್ಮ ಬಂದಳು. ಈ ಮಾತು ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಹೆಂಗಸು ಇವತ್ತು ಗಂಡನ ಎದುರಿಗೇ ನಿಂತಳು.

“ನೀವು ಬಂದಿರಿ, ಹೌದು. ಬರೋ ತನಕ ನಾನು ಹೆಂಗಿದ್ದೆ ಅಂತ ಒಂದಿನ ಕೇಳಿದಿರೇನ್ರೀ? ಉಣ್ಣಾಕೆ ಕುಂತರೆ, ಅಲ್ಲಿ ಉಪಾಸ ಇದಾರೇನೋ ಅಂತ ತುತ್ತು ಇಳೀತಿರಲಿಲ್ಲ. ನಾಯಿ ಬೊಗಳಿದ್ರೆ ಎದ್ದು ಬಾಗಿಲು ತೆಗೀತಿದ್ದೆ. ಆ ತಗಡು ಏರಿಸಿ ಎಡೆ ಇಟ್ಟ ದಿನ, ಇನ್ನು ನಿಮಗೆ ಹಸಿವಿಲ್ಲ ಅಂತ ನಾನೂ ಹೊಟ್ಟೆ ತುಂಬ ಉಂಡೆ. ಅದೊಂದು ಇಲ್ಲದಿದ್ರೆ, ನೀವು ಬಂದಾಗ ಬಾಗಿಲು ತೆಗೆಯಾಕೆ ನಾನೇ ಇರ್ತಿರಲಿಲ್ಲ.”

ಇವಳು ನನ್ನನ್ನು ಕೊಂದಳೆಂದುಕೊಂಡು ಜುಂಜಪ್ಪನವರು ಅರ್ಧ ಆಯುಷ್ಯವನ್ನು ದೂರದಲ್ಲೇ ಕಳೆದುಬಿಟ್ಟಿದ್ದರು. ನಾಚಿಕೆ, ಸಂಕಟ ಎರಡೂ ಒಟ್ಟಿಗೇ ನುಗ್ಗಿ ಬಂದವು. ಎದ್ದು ಹೋಗಿ ಕುಲುಮೆಗೆ ಇದ್ದಿಲು ಸುರಿದರು.

ಬೆಳ್ಳಿ ಕರಗಿಸಿ, ತಟ್ಟಿ ತಗಡು ಮಾಡಿ, ಮಾರನೆಯ ದಿನ ಅರಗಿಗೆ ಹಾಕಿದರು. ಅಜ್ಜಮ್ಮ ಪಕ್ಕದಲ್ಲೇ ಕೂತು ಹೇಳುತ್ತ ಹೋದಳು: ಅಗಲ ಹಣೆ, ಗಲ್ಲದಲ್ಲಿ ಗುಳಿ. ಹೇಳುವಾಗ ಅವಳ ಕಣ್ಣು ಒಣಗಿಯೇ ಇತ್ತು. ಜುಂಜಪ್ಪನವರ ಕೈ ಮಾತ್ರ ನಡುನಡುವೆ ನಿಂತುಬಿಡುತ್ತಿತ್ತು. ನಾಳೆ ಆ ಹುಡುಗ ಬಂದು ಬಾಗಿಲಲ್ಲಿ ನಿಂತರೆ ಏನು ಗತಿ ಎಂಬ ಅಂಜಿಕೆ ಅವರನ್ನು ಬಿಡಲೊಲ್ಲದು. ಮತ್ತೆ ಸುತ್ತಿಗೆ ಎತ್ತುವರು.

ಕೆಲಸ ಮುಗಿದ ಮೇಲೆ ತಗಡನ್ನು ತೊಳೆದು ಅವಳ ಕೈಗಿತ್ತರು. ಅಜ್ಜಮ್ಮ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಕಿವಿ ಇನ್ನೊಂಚೂರು ಚಾಚಿದ್ವು, ಅಣ್ಣ. ಹುಡುಗರು ಆಡಿಕೊಂತಿದ್ರು.”

ಅವರು ತಗಡನ್ನು ಮರಳಿನ ಚೀಲದ ಮೇಲೆ ಬೋರಲು ಹಾಕಿ, ಕಿವಿಗಳ ಹಿಂದೆ ಮೆಲ್ಲಗೆ ತಟ್ಟಿ ಕೊಟ್ಟರು. ಅವಳು ಬೆರಳಿನಿಂದ ಸವರಿ ನೋಡಿದಳು.

“ಹ್ಞೂ, ಇವನೇ” ಎಂದವಳು ತಗಡನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಗಾದ್ರಮ್ಮನ ಕಡೆ ತಿರುಗಿದಳು.

“ಅಕ್ಕಾ, ಉಣ್ಣಾಕೆ ಏನಾದ್ರೂ ಇದ್ರೆ ಒಂದೀಟು ಇಕ್ಕು.”