ನೀಲಿ ಪೆನ್ಸಿಲ್ಲಿನ ಸಾಲುಗಳು

ದೂರಿನ ಪತ್ರ ಎರಡೇ ಪುಟದ್ದು. ಬರೆದವರು ಒಬ್ಬ ನಿವೃತ್ತ ಶಿಕ್ಷಕಿ. ಇಪ್ಪತ್ತು ವರ್ಷದ ಹಿಂದೆ ತಾವು ಬರೆದ ರಕ್ತಪಿಶಾಚಿಯ ಕಾದಂಬರಿಯನ್ನೇ ನಿಮ್ಮ ಖ್ಯಾತ ಲೇಖಕರು ಅಂಗಿ ಬದಲಾಯಿಸಿ ಮಾರುತ್ತಿದ್ದಾರೆ, ಹೊಸ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಎರಡನ್ನೂ ಎದುರುಬದುರು ಇಟ್ಟು ನೋಡಿ ಎಂದಿದ್ದರು. ಪ್ರಕಾಶನದ ಯಜಮಾನರು ಆ ಪತ್ರವನ್ನು ಕರಡು ತಿದ್ದುವವಳ ಮೇಜಿನ ಮೇಲಿಟ್ಟು, "ಅಕ್ಕ, ನೀವೇ ನೋಡಿ. ನಿಮ್ಮ ಕಣ್ತಪ್ಪಿಸಿ ಒಂದು ಅಲ್ಪವಿರಾಮ ಕೂಡ ಓಡಿಹೋಗಲ್ಲ" ಎಂದರು.

ಆ ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಯಜಮಾನರು ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರು, ಅವರಿಗೂ ಅಕ್ಕ.

ಹೋಲಿಸಿ ಓದಲು ಅವಳದೇ ಒಂದು ಕ್ರಮವಿತ್ತು. ಮೂರು ಪೆನ್ಸಿಲ್ಲು, ಒಂದು ಅಡಿಕೋಲು. ಎರಡೂ ಪುಸ್ತಕಗಳಲ್ಲಿ ಮಾತಿಗೆ ಮಾತು ಕೂಡಿದರೆ ಕೆಂಪು ಗೆರೆ. ಕನ್ನಡಿಯಲ್ಲಿ ಕಾಣದವನು, ಬಿಸಿಲಿಗೆ ಅಂಜುವವನು, ಒಳಗಿದ್ದವರು ಕರೆಯದೆ ಹೊಸ್ತಿಲು ದಾಟದವನು, ಬೆಳ್ಳುಳ್ಳಿ, ಶವಪೆಟ್ಟಿಗೆ, ಬಾವಲಿ, ಇವೆಲ್ಲ ಊರ ಬಾವಿಯ ನೀರು. ಯಾರು ಸೇದಿದರೂ ಕಳ್ಳತನವಲ್ಲ, ಅದಕ್ಕೆ ಹಸಿರು. ಬೇರೆ ಎಲ್ಲೂ ಇಲ್ಲದ್ದು, ಬರೆದವನ ಸ್ವಂತದ್ದು ಎನ್ನಿಸಿದ್ದಕ್ಕೆ ನೀಲಿ. ಮೂವತ್ತು ವರ್ಷದ ಕೆಲಸದಲ್ಲಿ ಮೊಂಡಾಗಿ ಮೊಂಡಾಗಿ ಬದಲಾಯಿಸಿದ್ದು ಹಸಿರು ಪೆನ್ಸಿಲ್ಲನ್ನೇ. ನೀಲಿಯದು ಹನ್ನೊಂದು ವರ್ಷದಿಂದ ಒಂದೇ ಪೆನ್ಸಿಲ್ಲು.

ಊಟದ ಹೊತ್ತಿಗೆ ಅಚ್ಚಿನ ಮಷೀನಿನವನೂ ಮುಖಪುಟದ ಚಿತ್ರ ಬರೆಯುವವಳೂ ಇದೇ ವಿಷಯಕ್ಕೆ ಕೂತರು. ಎಲ್ಲ ಪಿಶಾಚಿಗಳೂ ಒಂದೇ ತಾಯಿಯ ಮಕ್ಕಳು, ಒಬ್ಬ ಹಿಂಸಿಸುತ್ತಾನೆ, ಒಬ್ಬ ಪ್ರೀತಿಸುತ್ತಾನೆ, ಕೊನೆಗೆ ಇಬ್ಬರೂ ಕಚ್ಚುವುದು ಅದೇ ಕುತ್ತಿಗೆಗೆ, ಸ್ವಂತದ್ದು ಎಲ್ಲಿಂದ ಬಂತು ಎಂದು ಅವನ ವಾದ. ಹಲ್ಲು ಒಂದೇ ಇರಬಹುದು, ಹಸಿವು ಬೇರೆ ಬೇರೆ ಎಂದು ಅವಳ ವಾದ. ಶಿಕ್ಷಕಿಯ ಪಿಶಾಚಿ ಒಂಟಿತನಕ್ಕೆ ಕುಡಿಯುತ್ತಾನೆ, ಕೋರೆ ಸಾಹೇಬರ ಪಿಶಾಚಿಗೆ ಏನೋ ನೆನಪಿಗೆ ಬರಬೇಕಾಗಿದೆ, ಅದಕ್ಕೆ ಕುಡಿಯುತ್ತಾನೆ ಎಂದಳು. ಕೋರೆ ಸಾಹೇಬರು ಎಂದರೆ ಆ ಖ್ಯಾತ ಲೇಖಕರೇ. ಎದುರಿಗೆ ಸಾರ್, ಹಿಂದೆ ಕೋರೆ.

"ನಾಲ್ಕು ಪುಸ್ತಕ ಆದ್ಮೇಲೆ ಅವರ ಹಲ್ಲು ಉದುರಿಹೋಗಿತ್ತು ಕಣಮ್ಮ" ಎಂದ ಮಷೀನಿನವನು. "ಐದನೇದರಲ್ಲಿ ಹೊಸದಾಗಿ ಮೊಳೆತಿದೆ. ಹಸ್ತಪ್ರತಿ ಬಂದ ದಿನ ಓದ್ತಾ ನಿಂತುಬಿಟ್ಟೆ. ಎಲ್ಲಿಂದ ತಂದರೋ."

ಕರಡು ತಿದ್ದುವವಳು ಊಟದ ಡಬ್ಬಿ ಮುಚ್ಚಿ ಎದ್ದಳು. ಅವಳ ಮಗಳು ಆರು ತಿಂಗಳಿಂದ ಆ ಲೇಖಕರ ಮನೆಯಲ್ಲೇ ಕೆಲಸಕ್ಕಿದ್ದಳು. ಕಣ್ಣು ಮಂಜಾಗಿದೆ, ಹೇಳಿದ್ದನ್ನು ಟೈಪ್ ಮಾಡುವ ಹುಡುಗಿ ಬೇಕು ಎಂದು ಅವರು ಕೇಳಿದಾಗ, ಓದು ಮುಗಿಸಿ ಖಾಲಿ ಕೂತಿದ್ದ ಇಪ್ಪತ್ತೆರಡರ ಮಗಳನ್ನು ಕೈಹಿಡಿದು ಬಾಗಿಲವರೆಗೆ ಬಿಟ್ಟುಬಂದದ್ದು ಇವಳೇ. ದೊಡ್ಡ ಕಿಟಕಿಯ ಕೋಣೆ, ಮೈತುಂಬ ಬಿಸಿಲು ಬೀಳುವ ಕುರ್ಚಿ. ಬಿಸಿಲಲ್ಲಿ ಇಷ್ಟು ಆರಾಮಾಗಿ ಕೂರುವ ಮನುಷ್ಯನ ಬಗ್ಗೆ ಅನುಮಾನ ಪಡಲು ಯಾರಿಗೂ ಕಾರಣವಿರಲಿಲ್ಲ.

ಮೂರು ದಿನ ಓದಿದಳು. ಶಿಕ್ಷಕಿಯ ದೂರಿನಲ್ಲಿ ಹುರುಳಿರಲಿಲ್ಲ. ಕೆಂಪು ಒಂದೂ ಬೀಳಲಿಲ್ಲ, ಹೊಂದಿದ್ದೆಲ್ಲ ಊರ ಬಾವಿಯದು. ಆದರೆ ಹೊಸ ಹಸ್ತಪ್ರತಿಯ ತೊಂಬತ್ತನೆಯ ಪುಟದಲ್ಲಿ ಅವಳ ಕೈಯಲ್ಲಿದ್ದ ನೀಲಿ ಪೆನ್ಸಿಲ್ಲು ನಿಂತಿತು.

ಕಥೆಯಲ್ಲಿ ಪಿಶಾಚಿಯ ಬಲೆಗೆ ಬಿದ್ದ ಹುಡುಗಿ ತನ್ನ ಆರನೆಯ ವಯಸ್ಸನ್ನು ನೆನೆಯುತ್ತಾಳೆ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ಬೆಳಿಗ್ಗೆ, ಅವನು ಹೋಗದಿರಲಿ ಎಂದು ಅವನ ಎಡಗಾಲಿನ ಚಪ್ಪಲಿಯನ್ನು ದಿಂಬಿನ ಚೀಲದೊಳಗೆ ಬಚ್ಚಿಡುತ್ತಾಳೆ. ಅವನು ಒಂದೇ ಚಪ್ಪಲಿಯಲ್ಲಿ ಮೆಟ್ಟಿಲಿಳಿಯುತ್ತಾನೆ, ಮರಳಿ ಬರುವುದಿಲ್ಲ. ಮೂರು ರಾತ್ರಿ ಆ ಚಪ್ಪಲಿಯ ಮೇಲೇ ತಲೆಯಿಟ್ಟು ಮಲಗಿದ ಹುಡುಗಿ ನಾಲ್ಕನೆಯ ದಿನ ಅದನ್ನು ಶಾಲೆಯ ಚೀಲದಲ್ಲಿ ಒಯ್ದು ಸೇತುವೆಯ ಮೇಲಿಂದ ಬಿಡುತ್ತಾಳೆ.

ಹದಿನಾರು ವರ್ಷದ ಹಿಂದೆ ಕರಡು ತಿದ್ದುವವಳು ಆ ಎಡಗಾಲಿನ ಚಪ್ಪಲಿಗಾಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದಳು. ಕೆಳಗೆ ಗಾಡಿಯವನು ಕೂಗುತ್ತಿದ್ದ. ಗಂಡ ನೋವಿನಲ್ಲೂ ನಕ್ಕು, "ಬಿಡೇ, ಒಂದು ಕಾಲು ಇಲ್ಲೇ ಬಿಟ್ಟು ಹೋದವನು ಬೇಗ ವಾಪಸ್ ಬರ್ತಾನೆ" ಎಂದಿದ್ದ. ಅವನು ಆಡಿದ ಕೊನೆಯ ಪೂರ್ತಿ ಮಾತು ಅದು. ಆಸ್ಪತ್ರೆಯವರು ಹಿಂದಿರುಗಿಸಿದ ಬಲಗಾಲಿನ ಚಪ್ಪಲಿ ಇಂದಿಗೂ ಕಾಗದದಲ್ಲಿ ಸುತ್ತಿ ಕಪಾಟಿನ ಕೆಳಗಿನ ಗೂಡಿನಲ್ಲಿತ್ತು. ಎಡಗಾಲಿನದು ಎಲ್ಲಿ ಹೋಯಿತೆಂದು ಅವಳಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಸಂಜೆ ಮಗಳು ಬಂದು ಕೈಕಾಲು ತೊಳೆದು ಕೂತ ಮೇಲೆ, ಬೈಯುವ ದನಿಯಲ್ಲಲ್ಲ, ಮೆಲ್ಲಗೆ ಕೇಳಿದಳು. ಅಪ್ಪನ ಚಪ್ಪಲಿ ತೆಗೆದಿಟ್ಟವಳು ನೀನಾ?

"ಯಾವ ಚಪ್ಪಲಿ?"

ಮಗಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಹೇಳಿದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ಕಿವಿ ಬಿಳಿಚಿಕೊಂಡೇ ಇತ್ತು. ಅವಳು ಹಸ್ತಪ್ರತಿ ತೆಗೆದು ಆ ಎರಡು ಪುಟ ಓದಿ ಹೇಳಿದಳು. ಮಗಳು ತಲೆಯೊರಗಿಸಿ ಗಮನವಿಟ್ಟು ಕೇಳಿ, "ಚೆನ್ನಾಗಿದೆ ಅಮ್ಮ. ಕದ್ದಿದ್ದು ಅನ್ನಿಸಲ್ಲ. ಅವರ ಸ್ವಂತದ್ದೇ" ಎಂದಳು.

ಆಮೇಲೆ ಅವಳು ನೀಲಿ ಗೆರೆ ಬಿದ್ದ ಒಂದೊಂದನ್ನೇ ಕೇಳುತ್ತ ಹೋದಳು. ಮೆಟ್ಟಿಲ ಕೆಳಗೆ ಸಾಕಿದ್ದ ಕುಂಟ ಬೆಕ್ಕು. ಜ್ವರ ಬಂದಾಗ ಗೋಡೆಯ ಬಿರುಕಿನಲ್ಲಿ ಕಾಣುತ್ತಿದ್ದ ಒಂಟೆ. ಅಪ್ಪ ಕರೆಯುತ್ತಿದ್ದ ಮುದ್ದಿನ ಹೆಸರು. ಚಪ್ಪಲಿಯದೂ ಸೇರಿ ಮೂವತ್ತೇಳು ಗೆರೆ, ಮೂವತ್ತೇಳಕ್ಕೂ ಮಗಳು ಅತಿಥಿಯ ಹಾಗೆ ನಸುನಕ್ಕು ತಲೆಯಾಡಿಸಿದಳು. ಅವರು ಏನು ಹೇಳಿ ಬರೆಸುತ್ತಾರೆ ಎಂದು ಕೇಳಿದರೆ, ಬರೆಸುವುದು ಕಡಿಮೆ, ಕೇಳುವುದೇ ಹೆಚ್ಚು ಎಂದಳು. ತಾನು ನೆನಪಿದ್ದದ್ದನ್ನೆಲ್ಲ ಹೇಳುತ್ತ ಹೋಗಬೇಕು, ಅವರು ಕಣ್ಣುಮುಚ್ಚಿ ಕೇಳುತ್ತಾರೆ, ಆಮೇಲೆ ಟೈಪ್ ಮಾಡುವುದು. ಹೇಳಿದ ಮೇಲೆ ಮೈ ಹಗುರಾಗುತ್ತದಂತೆ.

"ನಾಳೆಯಿಂದ ಅಮ್ಮನ ಅಧ್ಯಾಯ" ಎಂದಳು, ಉತ್ಸಾಹದಿಂದಲೇ.

ಕೆಲಸ ಬಿಡು ಎಂದರೆ ಮಗಳು ಒಪ್ಪಲಿಲ್ಲ. ಕಣ್ಣು ಕಾಣದ ಮನುಷ್ಯನನ್ನು ನಡುನೀರಿನಲ್ಲಿ ಬಿಡುವುದಾ ಎಂದು ಅವಳನ್ನೇ ಕೇಳಿದಳು. ಆಗ ಕರಡು ತಿದ್ದುವವಳಿಗೆ ತನ್ನ ಕಸುಬೇ ದಾರಿ ತೋರಿಸಿದ ಹಾಗಾಯಿತು. ಅವನಿಗೆ ಹಸಿವಿರುವುದು ನೀಲಿಗೆ. ಹಸಿರು ಕೊಟ್ಟರೆ? ಮಗಳನ್ನು ಎದುರು ಕೂರಿಸಿಕೊಂಡು, ತಾನು ತಿದ್ದಿದ ನೂರಾರು ಪುಸ್ತಕಗಳ ಅಮ್ಮಂದಿರನ್ನು ಒಬ್ಬೊಬ್ಬರಾಗಿ ಬಾಯಿಪಾಠ ಮಾಡಿಸಿದಳು. ತಾನು ಉಪವಾಸವಿದ್ದು ಮಕ್ಕಳಿಗೆ ಉಣಿಸುವ ಅಮ್ಮ, ಸೆರಗಿನಲ್ಲಿ ಕಣ್ಣೊರೆಸುವ ಅಮ್ಮ, ದೀಪದ ಮುಂದೆ ಕಾಯುವ ಅಮ್ಮ. ನಾಳೆ ಅವರು ಕೇಳಿದರೆ ಇದನ್ನೇ ಹೇಳು, ಇದು ಬಿಟ್ಟು ಇನ್ನೊಂದು ಮಾತು ಬೇಡ. ಮಗಳು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು. ತಪ್ಪಿದಲ್ಲಿ ಅವಳು ಪೆನ್ಸಿಲ್ಲಿನಿಂದ ಮಗಳ ಬೆರಳ ಗಿಣ್ಣಿಗೆ ಸಣ್ಣಗೆ ತಟ್ಟಿದಳು. ಇಬ್ಬರೂ ಬಹಳ ದಿನದ ಮೇಲೆ ನಕ್ಕರು.

ಎರಡು ದಿನಕ್ಕೆ ಹೊಸ ಅಧ್ಯಾಯ ಕಚೇರಿಗೆ ಬಂತು. ಅವಳು ಹಸಿರು ಪೆನ್ಸಿಲ್ಲು ಹಿಡಿದು ಓದಿದಳು. ಮೊದಲ ಪುಟ ಹಸಿರು, ಎರಡನೆಯದು ಹಸಿರು, ಮೂರನೆಯದೂ. ಉಸಿರು ಹಗುರಾಯಿತು. ಪುಟ ತಿರುವಿದಳು.

ನಾಲ್ಕನೆಯ ಪುಟದಲ್ಲಿ ಒಬ್ಬ ತಾಯಿ ಮಗಳನ್ನು ಎದುರು ಕೂರಿಸಿಕೊಂಡು, ಪಿಶಾಚಿಗೆ ಹೇಳಲೆಂದು ಪುಸ್ತಕದ ಅಮ್ಮಂದಿರನ್ನು ಬಾಯಿಪಾಠ ಮಾಡಿಸುತ್ತಿದ್ದಳು. ತಪ್ಪಿದಲ್ಲಿ ಪೆನ್ಸಿಲ್ಲಿನಿಂದ ಬೆರಳ ಗಿಣ್ಣಿಗೆ ತಟ್ಟುತ್ತಿದ್ದಳು. ಅಂಥ ತಾಯಿ ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂವತ್ತು ವರ್ಷ ಸ್ವಂತದ್ದನ್ನೂ ಎರವಲನ್ನೂ ಬೇರ್ಪಡಿಸಿದವಳು, ಕಲಿಸಿದ ಅಮ್ಮಂದಿರನ್ನೆಲ್ಲ ಲೆಕ್ಕ ಹಿಡಿದು, ಕಲಿಸುತ್ತ ಕೂತ ಅಮ್ಮನನ್ನು ಮರೆತಿದ್ದಳು. ಕೈ ತನ್ನಷ್ಟಕ್ಕೇ ನೀಲಿ ಗೆರೆ ಎಳೆಯಿತು.

ಮಧ್ಯಾಹ್ನವೇ ಲೇಖಕರ ಮನೆಗೆ ಹೋದಳು. ಮಗಳು ಊಟಕ್ಕೆಂದು ಹೊರಗೆ ಹೋಗಿದ್ದಳು. ಅವರು ಬಿಸಿಲ ಕುರ್ಚಿಯಲ್ಲಿದ್ದರು, ಆರು ತಿಂಗಳ ಹಿಂದೆ ನೋಡಿದ್ದಕ್ಕಿಂತ ಹತ್ತು ವರ್ಷ ಚಿಕ್ಕವರಾಗಿ ಕಂಡರು. "ಒಳಗೆ ಬನ್ನಿ" ಎಂದರು. ಪುಸ್ತಕಗಳಲ್ಲೆಲ್ಲ ಕರೆಸಿಕೊಳ್ಳುವವನು ಪಿಶಾಚಿ. ಇಲ್ಲಿ ಅವನೇ ಕರೆಯುತ್ತಿದ್ದ.

ಅವಳು ಸುತ್ತುಬಳಸಲಿಲ್ಲ. ಈ ಪುಸ್ತಕ ಕದ್ದದ್ದು ಎಂದು ಬರೆದು ಸಹಿ ಹಾಕುತ್ತೇನೆ, ಮಗಳದ್ದನ್ನು ಮಗಳಿಗೆ ಕೊಡಿ ಎಂದಳು. ಅವರು ಸಿಟ್ಟಾಗಲಿಲ್ಲ. ಬರೆಯಿರಿ, ಅಚ್ಚಾಗದಿದ್ದರೂ ಹುಡುಗಿ ಹೇಳಿದ್ದು ಹೇಳಿದ್ದೇ, ಅದು ನನ್ನಲ್ಲೇ ಇರುತ್ತದೆ ಎಂದರು. ನಂತರ ಮೇಜಿನ ಮೇಲಿದ್ದ ಮೂಲ ಪ್ರತಿಯನ್ನು ಸವರಿದರು.

"ವಾಪಸ್ ಕೊಡಬಹುದು. ಆದರೆ ಪುಟ ಖಾಲಿ ಇರಬಾರದು ನೋಡಿ. ಒಂದು ತೆಗೆದರೆ ಆ ಜಾಗಕ್ಕೆ ಇನ್ನೊಂದು ಬರಬೇಕು. ಅಷ್ಟೇ ತೂಕದ್ದು."

"ನನ್ನದು ನಡೆಯುತ್ತಾ?"

"ನಿಮ್ಮಲ್ಲಿ ಓದಿದ್ದೇ ಜಾಸ್ತಿ ಅಂದುಕೊಂಡಿದ್ದೆ" ಎಂದು ಅವರು ಮಗಳ ಕುರ್ಚಿಯನ್ನು ಎಳೆದು ಕೊಟ್ಟರು. "ಕೂತ್ಕೊಳ್ಳಿ. ಎಲ್ಲಿಂದ ಶುರು ಮಾಡ್ತೀರಿ?"

ಚಪ್ಪಲಿಯ ಎರಡು ಪುಟ ಮೊದಲು ಬೇಕು ಎಂದಳು. ಅದಕ್ಕೆ ಸರಿತೂಗುವುದು ಅವಳಲ್ಲಿ ಒಂದೇ ಇತ್ತು. ಕುರ್ಚಿಯಲ್ಲಿ ಕೂತು, ಗಾಡಿಯವನ ಕೂಗಿನಿಂದ ಆರಂಭಿಸಿದಳು. ಅವರು ಕಣ್ಣುಮುಚ್ಚಿ ಕೇಳಿದರು. ಮುಗಿದಾಗ ಮೈ ಹಗುರಾಗಿತ್ತು, ಮಗಳು ಹೇಳಿದ್ದು ನಿಜ. ಅವರು ಎರಡು ಹಾಳೆ ಕಿತ್ತು ಅವಳ ಕೈಗಿತ್ತು, ನಾಳೆ ಇದೇ ಹೊತ್ತಿಗೆ ಬನ್ನಿ, ಇನ್ನು ಹುಡುಗಿ ಬರುವುದು ಬೇಡ ಎಂದರು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ನಾಲ್ಕನೆಯ ಪುಟದ್ದನ್ನೂ ಸೇರಿಸಿದರೆ ಇನ್ನು ಮೂವತ್ತೇಳು.

ಸಂಜೆ ಹಾಳೆಗಳನ್ನು ಮಗಳಿಗೆ ಕೊಟ್ಟು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ನೀರು ಕುದಿಯತೊಡಗಿದಾಗ ಹಿಂದೆ ಕಪಾಟಿನ ಬಾಗಿಲು ಕಿರುಗುಟ್ಟಿತು, ಕಾಗದ ಬಿಚ್ಚುವ ಸದ್ದಾಯಿತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ಕೆನ್ನೆ ಒದ್ದೆ. ಎದೆಗೆ ಏನನ್ನೋ ಒತ್ತಿಹಿಡಿದಿದ್ದಳು.

"ಅಮ್ಮ, ಎಡಗಾಲಿಂದು ಬಚ್ಚಿಟ್ಟಿದ್ದು ನಾನೇ. ಅಪ್ಪ ಹೋಗಬಾರದು ಅಂತ. ಹದಿನಾರು ವರ್ಷ ಆಯ್ತು, ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ. ಒಂದ್ಸಲ ಬೈದುಬಿಡು."

ಅವಳು ಒಲೆ ತಗ್ಗಿಸಿ ತಿರುಗಿ ನೋಡಿದಳು. ಮಗಳ ಕೈಯಲ್ಲಿದ್ದದ್ದು ಗಂಡಸರ ಒಂದು ಹಳೆಯ ಚಪ್ಪಲಿ, ಹಿಮ್ಮಡಿ ಸವೆದದ್ದು. ಹುಡುಗಿ ಯಾಕೆ ಇಷ್ಟು ಅಳುತ್ತಿದ್ದಾಳೆಂದು ತಿಳಿಯದೆ ಅವಳು ನಸುನಕ್ಕು ತಲೆಯಾಡಿಸಿದಳು.

"ಯಾರದಿದು? ಒಂಟಿ ಚಪ್ಪಲಿ ಯಾಕೆ ಮನೆಯಲ್ಲಿ ಇಟ್ಕೊಂಡಿದ್ದೀಯ, ಆಚೆ ಹಾಕು."