ಡಾಕ್ಟರ್ ಬ್ರೆಕ್ಕೆಯವರ ಬಡತನ

“ಈ ಸಲ ನನ್ನ ಗಂಡ ಎಷ್ಟು ಬಡವರಾಗಿದ್ದಾರೆ, ವೆಂಡೆಲ್?”

ಮಿಸೆಸ್ ಸಿಗ್ನಿ ಬ್ರೆಕ್ಕೆ ಹೀಗೆ ಕೇಳಿದ್ದು ನನ್ನ ಪ್ರೆಸ್ಸಿನ ಕೌಂಟರಿನ ಮುಂದೆ ನಿಂತು, ಕೈಗವಸು ಕೂಡ ತೆಗೆಯದೆ. ಅಕ್ಟೋಬರಿನ ಮೂರನೇ ವಾರ. ಹಿಂದುಗಡೆ ಮೆಷಿನ್ನು ಅವರ ಮಗನ ಚುನಾವಣಾ ಕರಪತ್ರಗಳನ್ನು ಒಂದರ ಮೇಲೊಂದು ಉಗುಳುತ್ತಿತ್ತು. ಆಕೆಗೆ ಎಂಬತ್ತಾರು ವರ್ಷ. ನಾನು ಚಿಕ್ಕವನಿದ್ದಾಗ ಚರ್ಚಿನ ಭಾನುವಾರದ ಶಾಲೆಯಲ್ಲಿ ನನಗೆ ಪಾಠ ಹೇಳಿದವರು. ನನಗೆ ಅರವತ್ತೆರಡಾದರೂ ಅವರೆದುರು ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ಒಂದು ಪ್ರತಿ ತೆಗೆದು ಓದಿದೆ. ಲೋವೆಲ್ ಬ್ರೆಕ್ಕೆಯವರ ತಂದೆ ದಿನವಿಡೀ ನಿಂತೇ, ಬೆನ್ನು ಬಗ್ಗಿಸಿ, ಕೈಯಾರೆ ದುಡಿದ ಬಡ ಮನುಷ್ಯ. ಚಳಿಗಾಲದಲ್ಲಿ ತಾಯಿ ಆಲೂಗಡ್ಡೆ ಸಿಪ್ಪೆಯ ಸಾರು ಕುದಿಸಿ ಮಗನನ್ನು ಸಾಕಿದರು.

“ಸಿಪ್ಪೆ ಸಾರು,” ಅಂದರು. “ನಾನು.”

“ಹಾಗಂತ ಬರ್ಕೊಟ್ಟಿದ್ದಾರೆ.”

“ಇದನ್ನ ಅಚ್ಚು ಹಾಕುವಾಗ ನಿನ್ನ ಕೈ ನಡುಗಲಿಲ್ವಾ?”

ಕೈ ನಡುಗಿದರೆ ಅಕ್ಷರ ಸೊಟ್ಟಗೆ ಬರುತ್ತದೆ ಎಂದೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಟ್ಟು ಕಾಫಿ ಬಸಿದುಕೊಟ್ಟೆ.

ಡಾಕ್ಟರ್ ಆರ್ವಿಡ್ ಬ್ರೆಕ್ಕೆ ನಮ್ಮ ನೋರ್ಡಾಲ್ ಊರಿನ ದಂತವೈದ್ಯರು. ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಮಿನೆಸೋಟದ ಈ ಮೂಲೆಯಲ್ಲಿ ಕೆರೆ ದಂಡೆಯ ಮೇಲಿನ ಮೊದಲ ಎರಡಂತಸ್ತಿನ ಇಟ್ಟಿಗೆ ಮನೆ ಅವರದು. ಮನೆಯಲ್ಲಿ ಪಿಯಾನೊ ಇತ್ತು, ಕೆಲಸದವಳಿದ್ದಳು. ಲೋವೆಲ್‌ಗೆ ಏಳನೇ ಹುಟ್ಟುಹಬ್ಬಕ್ಕೆ ಒಂದು ಕುದುರೆಮರಿ ಬಂತು. ನಾವೆಲ್ಲ ಬೇಲಿ ಹಿಡಿದು ನಿಂತು ಅವನು ಅದರ ಮೇಲೆ ಕೂತು ಸುತ್ತುವುದನ್ನು ನೋಡುತ್ತಿದ್ದೆವು. ನಮ್ಮ ಸರದಿ ಬರುವಷ್ಟರಲ್ಲಿ ಅವನಿಗೆ ಊಟದ ಹೊತ್ತಾಗುತ್ತಿತ್ತು. ಊಟಕ್ಕೆ ಏನಿರುತ್ತಿತ್ತೋ ಗೊತ್ತಿಲ್ಲ, ಆದರೆ ಬೇಲಿಯವರೆಗೂ ಬರುತ್ತಿದ್ದ ವಾಸನೆ ಸಿಪ್ಪೆಯದಂತೂ ಅಲ್ಲ.

ಹುಡುಗ ಚುರುಕು. ಅದನ್ನು ಇಲ್ಲ ಎನ್ನಲಾರೆ. ಚಳಿಗಾಲ ಬಂತೆಂದರೆ ನಮ್ಮಲ್ಲಿ ಕೆರೆ ಕಲ್ಲಾಗುತ್ತದೆ. ಜನ ಅದರ ಮೇಲೆ ಹಲಗೆಯ ಗುಡಿಸಲು ಎಳೆದುಕೊಂಡು ಹೋಗಿ, ಹಿಮಕ್ಕೆ ತೂತು ಕೊರೆದು, ಗಾಳ ಬಿಟ್ಟುಕೊಂಡು ಕೂರುತ್ತಾರೆ. ಹೆಂಡತಿಯಿಂದ ನಾಲ್ಕು ಗಂಟೆ ದೂರವಿರಲು ನಮ್ಮ ಹಿರಿಯರು ಕಂಡುಕೊಂಡ ದಾರಿ ಅದು. ಲೋವೆಲ್ ಆ ಗುಡಿಸಲಿಗೆ ಗಾಲಿ ಹಾಕಿದ, ಒಲೆ ಹಾಕಿದ, ಚರ್ಮದ ಸೋಫಾ ಹಾಕಿದ, ಟೀವಿ ಹಾಕಿದ, ‘ಬ್ರೆಕ್ಕೆ ಮೀನುಮನೆ’ ಎಂದು ಹೆಸರಿಟ್ಟು ಐದು ರಾಜ್ಯಗಳಲ್ಲಿ ಮಾರಿದ. ಹಿಮವೇ ಬೀಳದ ಫ್ಲಾರಿಡಾದವನಿಗೂ ಒಂದನ್ನು ಕಟ್ಟಿ ಕಳಿಸಿದ. ಕಾರ್ಖಾನೆಗೆ ಜಾಗ, ಮೊದಲ ಲಾರಿ ಎರಡನ್ನೂ ಅಪ್ಪ ಕೊಡಿಸಿದ್ದರು. ಆದರೆ ಮುರುಕಲು ಕೊಟ್ಟಿಗೆಯ ಹಲಗೆ ಕಿತ್ತು ಒಬ್ಬನೇ ಮೊದಲ ಮೀನುಮನೆ ಕಟ್ಟಿದೆ ಎಂದು ಅವನು ಹೇಳತೊಡಗಿದ. ಲೋವೆಲ್‌ನ ಗುಣವೇ ಹಾಗೆ. ಬೆಳಿಗ್ಗೆ ಮಾತಿಗೆ ಹೇಳಿದ್ದನ್ನು ಮಧ್ಯಾಹ್ನದ ಹೊತ್ತಿಗೆ ತಾನೇ ನಂಬಿಬಿಡುತ್ತಾನೆ. ವ್ಯಾಪಾರಕ್ಕೆ ಬೇಕಾದ್ದು ಅದೇ. ರಾಜಕೀಯಕ್ಕೆ ಅದಿದ್ದರೆ ಸಾಕು.

ಅವನ ಕರಪತ್ರಗಳನ್ನೆಲ್ಲ ಅಚ್ಚು ಹಾಕಿದವನು ನಾನೇ ಆದ್ದರಿಂದ, ಅವರಪ್ಪ ಹಂತಹಂತವಾಗಿ ಇಳಿದದ್ದು ನನಗೆ ಚೆನ್ನಾಗಿ ಗೊತ್ತು. ಶಾಲಾ ಮಂಡಳಿಗೆ ನಿಂತಾಗ ‘ನಿಮ್ಮೆಲ್ಲರ ಡಾಕ್ಟರ್ ಬ್ರೆಕ್ಕೆಯವರ ಮಗ.’ ರಾಜ್ಯದ ಶಾಸನಸಭೆಗೆ ನಿಂತಾಗ ‘ಆರೋಗ್ಯ ಕ್ಷೇತ್ರದ ದುಡಿಮೆಗಾರನ ಮಗ.’ ಎರಡನೇ ಸಲಕ್ಕೆ ‘ಕೈಕೆಲಸದವನ ಮಗ.’ ದಂತವೈದ್ಯರು ಕಾಲಲ್ಲಂತೂ ಕೆಲಸ ಮಾಡುವುದಿಲ್ಲವಲ್ಲ, ಹಾಗಾಗಿ ಅದನ್ನು ಸುಳ್ಳು ಎನ್ನುವ ಹಾಗಿರಲಿಲ್ಲ. ಈಗ ವಾಷಿಂಗ್ಟನ್ನಿನ ಕೆಳಮನೆಗೆ ನಿಂತಿದ್ದಾನೆ. ಕ್ಷೇತ್ರ ದೊಡ್ಡದು, ಗಾಡಿಯಲ್ಲಿ ಐದು ಗಂಟೆಯ ಉದ್ದ. ಆ ತುದಿಯವರಿಗೆ ಡಾಕ್ಟರ್ ಬ್ರೆಕ್ಕೆ ಯಾರೆಂದು ಗೊತ್ತಿಲ್ಲ. ಅದಕ್ಕೇ ಸಾರಿಗೆ ಸಿಪ್ಪೆ ಬಿತ್ತು.

ಊರಿನವರಿಗೆ ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಎಲ್ಲರಿಗೂ ಗೊತ್ತಿತ್ತು. ಆದರೆ ನಮ್ಮ ನೋರ್ಡಾಲಿನಲ್ಲಿ ಯಾರನ್ನೂ ಸುಳ್ಳ ಎನ್ನುವ ಪದ್ಧತಿಯಿಲ್ಲ. ತೀರಾ ಸಹಿಸಲಾಗದಿದ್ದರೆ ‘ಅದು ಸ್ವಲ್ಪ ಬೇರೆ ಥರ ಇದೆ’ ಎನ್ನುತ್ತೇವೆ. ಅದಕ್ಕಿಂತ ಕಟುವಾದ ಬೈಗುಳ ನಮ್ಮಲ್ಲಿಲ್ಲ. ನಮ್ಮ ತಾತ ಮನೆ ಸುಟ್ಟುಹೋದ ದಿನವೂ ಅಷ್ಟೇ ಹೇಳಿದ್ದರಂತೆ.

ಕಾಫಿ ಕುಡಿಯುತ್ತ ಮಿಸೆಸ್ ಬ್ರೆಕ್ಕೆ ತಮ್ಮ ಸಂಕಟ ಹೇಳಿಕೊಂಡರು. ಸಿಪ್ಪೆ ಸಾರಿನ ಮಾತು ಟೀವಿಯಲ್ಲಿ ಬಂದ ಮೇಲೆ ಕ್ಷೇತ್ರದ ದಕ್ಷಿಣದ ತುದಿಯಿಂದ ಅವರ ಮನೆಗೆ ಕಟ್ಟುಗಳು ಬರತೊಡಗಿದ್ದವು. ಡಬ್ಬಿಯ ಹುರುಳಿ, ಉಣ್ಣೆಯ ಕಾಲುಚೀಲ, ಯಾರೋ ತೊಟ್ಟು ಒಗೆದ ಚಳಿಕೋಟು. ಒಬ್ಬ ಹೆಂಗಸು ನೂರು ಮೈಲಿ ಗಾಡಿ ಓಡಿಸಿಕೊಂಡು ಬಂದು, ಆಲೂಗಡ್ಡೆ ಮಾಂಸದ ಹಾಟ್‌ಡಿಶ್ ಪಾತ್ರೆಯನ್ನು ಕೈಗಿಟ್ಟು, ಇಟ್ಟಿಗೆ ಮನೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ನೀವಿಲ್ಲಿ ಮನೆಗೆಲಸಕ್ಕಿದ್ದೀರಾ ಎಂದು ಮೆಲ್ಲಗೆ ಕೇಳಿದಳಂತೆ. ಹಾಟ್‌ಡಿಶ್ ತಂದವರನ್ನು ನಮ್ಮಲ್ಲಿ ಹಿಂದಕ್ಕೆ ಕಳಿಸುವ ಹಾಗಿಲ್ಲ. ಖಾಲಿ ಪಾತ್ರೆಯನ್ನು ಹಿಂತಿರುಗಿಸುವ ಹಾಗೂ ಇಲ್ಲ. ಹಾಗಾಗಿ ಎಂಬತ್ತಾರರ ಮುದುಕಿ ಸೇಬಿನ ಕೇಕು ಬೇಯಿಸಿ, ಪಾತ್ರೆ ತುಂಬಿ, ಅಂಚೆಯಲ್ಲಿ ಕಳಿಸಬೇಕಾಯಿತು. ಜೊತೆಗೆ ಧನ್ಯವಾದದ ಕಾಗದ ಬೇರೆ.

“ಏನು ಬರೆದ್ರಿ?” ಎಂದೆ.

“ಕ್ಷೇಮವಾಗಿದ್ದೀನಿ, ತುಂಬಾ ದಿನದಿಂದಲೂ ಕ್ಷೇಮವಾಗೇ ಇದ್ದೀನಿ ಅಂತ ಬರೆದೆ.”

ನಿಜವಾದ ಸಂಕಟ ಶನಿವಾರದ್ದು. ಚರ್ಚಿನ ವಾರ್ಷಿಕ ಮೀನೂಟಕ್ಕೆ ಟೀವಿಯವರು ಬರುವವರಿದ್ದರು. ಲೋವೆಲ್ ವಾಷಿಂಗ್ಟನ್ನಿನಿಂದ ಕರೆಸಿಕೊಂಡಿದ್ದ ಸಲಹೆಗಾರ ಬ್ರೈಸ್ ಎಂಬ ಮೂವತ್ತರ ಹುಡುಗ ಆಕೆಯ ಮನೆಗೆ ಬಂದು, ನೀವು ಹೇಳಬೇಕಾದ್ದು ಒಂದೇ ಮಾತು ಎಂದು ತರಬೇತಿ ಕೊಟ್ಟಿದ್ದನಂತೆ. ಮಗ ವೇದಿಕೆಯ ಮೇಲಿಂದ ‘ಆ ದಿನಗಳು ಕಷ್ಟ ಇತ್ತಾ ಅಮ್ಮ?’ ಎಂದು ಕೇಳುತ್ತಾನೆ. ಅಮ್ಮ ‘ಹೌದು, ಕಷ್ಟ ಇತ್ತು’ ಎಂದು ಕಣ್ಣೊರೆಸಿಕೊಳ್ಳಬೇಕು. ತುಪ್ಪಳದ ಕಾಲರಿನ ಕೋಟು ಬೇಡ. ಆದರೆ ಮುತ್ತಿನ ಸರ ಇರಲಿ, ಅದನ್ನು ನಕಲಿ ಅಂದುಕೊಳ್ಳುತ್ತಾರೆ.

ನಾನು ಹೇಳದಿದ್ದರೆ ಏನಾಗುತ್ತದೆ ಎಂದು ಮಿಸೆಸ್ ಬ್ರೆಕ್ಕೆ ಕೇಳಿದ್ದರು. ಬ್ರೈಸ್ ಜೊತೆಗೇ ಬಂದಿದ್ದ ಲೋವೆಲ್ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಸೋಲುತ್ತೇನೆ ಅಮ್ಮ, ಸಮೀಕ್ಷೆಯಲ್ಲಿ ಎದುರಾಳಿ ಶೇಕಡ ಎರಡರಷ್ಟು ಮುಂದಿದ್ದಾಳೆ ಎಂದನಂತೆ. ಹೇಳುವಾಗ ಅವನ ಮುಖ, ಬೇಲಿಯಾಚೆಗೆ ಓಡಿಹೋದ ಕುದುರೆಮರಿಯನ್ನು ಹುಡುಕುತ್ತಿದ್ದಾಗಿನ ಮುಖದಂತೆಯೇ ಇತ್ತಂತೆ.

“ಒಬ್ಬನೇ ಮಗ, ವೆಂಡೆಲ್. ಸೋಲಲಿ ಅಂತ ನಾನು ಹೇಗೆ ಅನ್ನಲಿ? ಹಾಗಂತ ಸತ್ತವರು ಎದ್ದು ಬಂದು ನಾನು ಡಾಕ್ಟರು ಅಂತ ಹೇಳಕ್ಕಾಗತ್ತಾ? ಅವರ ಪರವಾಗಿ ಹೇಳೋಕೆ ಉಳಿದಿರೋಳು ನಾನೊಬ್ಬಳೇ.”

ನೋರ್ಡಾಲಿನವನು ಹೇಳುವುದನ್ನೇ ಹೇಳಿದೆ, ಇನ್ನೊಂದು ಸ್ವಲ್ಪ ಕಾಫಿ ಹಾಕಲೇ ಎಂದೆ. ಅವರು ಬೇಡವೆಂದು ಎದ್ದು ಹೋದರು. ಮೆಷಿನ್ನನ್ನು ನಾನೇನೂ ನಿಲ್ಲಿಸಲಿಲ್ಲ.

ಶನಿವಾರ ಚರ್ಚಿನ ನೆಲಮಾಳಿಗೆ ಕಿಕ್ಕಿರಿದಿತ್ತು. ಲೂಟಫಿಸ್ಕ್ ಎನ್ನುವ ಆ ಮೀನನ್ನು ಕ್ಷಾರದಲ್ಲಿ ನೆನೆಸಿ ಬೇಯಿಸಿದರೆ ತಟ್ಟೆಯಲ್ಲಿ ತಾನೇ ನಡುಗುತ್ತಿರುತ್ತದೆ. ಯಾರಿಗೂ ಇಷ್ಟವಿಲ್ಲ, ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಲೋವೆಲ್ ತೋಳು ಮಡಚಿದ ಅಂಗಿಯಲ್ಲಿ ಮೈಕಿನ ಮುಂದೆ ನಿಂತ. ಕೊಟ್ಟಿಗೆ ಬಂತು, ಹಲಗೆ ಬಂತು, ಬೆನ್ನು ಬಗ್ಗಿದ ಅಪ್ಪ ಬಂದರು. ಒಂದೇ ಜೊತೆ ಬೂಟನ್ನು ಮನೆಮಂದಿ ಸರದಿಯಲ್ಲಿ ಹಾಕಿಕೊಂಡದ್ದೂ ಬಂತು. ಅದು ಕರಪತ್ರದಲ್ಲಿ ಇರಲಿಲ್ಲ, ಆ ಗಳಿಗೆಯಲ್ಲೇ ಹುಟ್ಟಿದ್ದು. ಒಬ್ಬನೇ ಮಗನಿರುವ ಮನೆಯಲ್ಲಿ ಸರದಿ ಹೇಗೆ ಎಂದು ನನ್ನ ಪಕ್ಕದವನು ಬೆರಳು ಮಡಿಚಿ ಎಣಿಸಿ ನೋಡಿ, ಕೈಬಿಟ್ಟು, ಬೆಣ್ಣೆಯ ಬಟ್ಟಲು ಮುಂದಕ್ಕೆ ತಳ್ಳಿದ. ನಾವೆಲ್ಲ ತಟ್ಟೆ ನೋಡುತ್ತ ಕೂತಿದ್ದೆವು.

ಕೊನೆಗೆ ಲೋವೆಲ್ ತಾಯಿಯ ಕಡೆ ತಿರುಗಿ ಕೇಳಿದ. ಮಿಸೆಸ್ ಬ್ರೆಕ್ಕೆ ಎದ್ದು ನಿಂತರು. ತುಪ್ಪಳದ ಕಾಲರಿನ ಕೋಟನ್ನು ಹಾಕಿಕೊಂಡೇ ಬಂದಿದ್ದರು. ಬ್ರೈಸ್ ಮೈಕು ಹಿಡಿದ.

“ಹೌದು,” ಅಂದರು. “ಕಷ್ಟ ಇತ್ತು.”

ಬ್ರೈಸ್ ಕ್ಯಾಮೆರಾದವನ ಕಡೆ ಕತ್ತು ಆಡಿಸಿದ. ಆದರೆ ಆಕೆ ಕೂರಲಿಲ್ಲ.

“ಪಿಯಾನೊ ಒಳಗೆ ತರೋಕೆ ಮುಂಬಾಗಿಲನ್ನ ಚೌಕಟ್ಟು ಸಮೇತ ಕೀಳಿಸಬೇಕಾಯ್ತು. ಕುದುರೆಮರಿ ಪಾದ್ರಿಯವರ ಗುಲಾಬಿ ತಿಂದು ತಿಂದು ನನಗೆ ತಲೆ ಎತ್ತೋಕಾಗ್ತಿರಲಿಲ್ಲ. ಆರ್ವಿಡ್ ನಾಲ್ಕು ಗಂಟೆಗೆ ದವಾಖಾನೆ ಮುಚ್ಚಿ ಮೀನು ಹಿಡಿಯೋಕೆ ಹೋದ್ರೆ ಊಟಕ್ಕೆ ಕರ್ಕೊಂಡು ಬರೋದು ಬಹಳ ಕಷ್ಟ. ನನ್ನ ಗಂಡ ದಂತವೈದ್ಯರಾಗಿದ್ರು. ಒಳ್ಳೇ ದಂತವೈದ್ಯರು. ನಾನು ಹೇಳೋದು ಇಷ್ಟೇ.”

ಕೂತು, ಕರವಸ್ತ್ರದಿಂದ ಗದ್ದದ ಮೇಲಿನ ಬೆಣ್ಣೆ ಒರೆಸಿಕೊಂಡರು.

ಲೋವೆಲ್ ನಗುತ್ತಲೇ ನಿಂತಿದ್ದ, ನಗು ಮುಖದಿಂದ ಇಳಿಯುವುದನ್ನು ಮರೆತಿತ್ತು. ಹಿಂದಿನ ಮೇಜಿನಿಂದ ಹಾಲಿನ ಡೇರಿಯ ಮುದುಕ ಗಂಟಲು ಸರಿಮಾಡಿಕೊಂಡು, ಮಗನ ಮಾತು ಸ್ವಲ್ಪ ಬೇರೆ ಥರ ಇತ್ತು ಅಂದ. ನೆಲಮಾಳಿಗೆ ತುಂಬ ಹೂಂಗುಟ್ಟುವಿಕೆ ಹರಡಿತು. ನಮ್ಮೂರಿನಲ್ಲಿ ಅಂಥ ಗಲಾಟೆ ಅದುವರೆಗೆ ಆಗಿರಲಿಲ್ಲ. ಮಿಸೆಸ್ ಬ್ರೆಕ್ಕೆ ಮೀನು ಎರಡನೇ ಸಲ ಹಾಕಿಸಿಕೊಂಡರು.

ಅಂತೂ ಮಿಸೆಸ್ ಬ್ರೆಕ್ಕೆ ಗೆದ್ದರು ಎಂದುಕೊಂಡು ನಾನು ಮನೆಗೆ ಹೋಗಿ ಮಲಗಿದೆ. ಸೋಮವಾರ ಟೀವಿ ಹಾಕಿದರೆ ಹೊಸ ಜಾಹೀರಾತು. ಲೋವೆಲ್ ಕೇಳುತ್ತಾನೆ, ಆ ದಿನಗಳು ಕಷ್ಟ ಇತ್ತಾ ಅಮ್ಮ? ಮಿಸೆಸ್ ಬ್ರೆಕ್ಕೆಯ ಮುಖ. ಹೌದು, ಕಷ್ಟ ಇತ್ತು. ಆಮೇಲೆ ಕರವಸ್ತ್ರ. ಬೆಣ್ಣೆಯ ಗದ್ದ ಕಾಣದಂತೆ, ಕೈ ಮಾತ್ರ ಮುಖದ ಹತ್ತಿರ ಹೋಗುವಂತೆ ಕತ್ತರಿಸಿದ್ದರು. ಹಿನ್ನೆಲೆಯಲ್ಲಿ ಪಿಯಾನೊ ಬೇರೆ ನುಡಿಯುತ್ತಿತ್ತು. ಎರಡು ವಾರ, ದಿನಕ್ಕೆ ಹತ್ತು ಸಲ.

ಲೋವೆಲ್ ಶೇಕಡ ಮೂರರಷ್ಟು ವೋಟಿನಿಂದ ಗೆದ್ದ. ನೋರ್ಡಾಲಿನಲ್ಲೂ ಗೆದ್ದ. ಎಷ್ಟೆಂದರೂ ಊರಿನ ಹುಡುಗ, ಕಾರ್ಖಾನೆಯಲ್ಲಿ ಇನ್ನೂರು ಜನರಿಗೆ ಕೆಲಸವಿದೆ, ಎದುರಾಳಿ ಆ ತುದಿಯವಳು ಎಂದೆಲ್ಲ ಜನ ಹೇಳಿಕೊಂಡರು. ನನ್ನ ವೋಟು ಯಾರಿಗೆ ಬಿತ್ತೆಂದು ದಯವಿಟ್ಟು ಕೇಳಬೇಡಿ.

ಆಮೇಲಿನ ವಾರ ಮಿಸೆಸ್ ಬ್ರೆಕ್ಕೆ ಕ್ರಿಸ್‌ಮಸ್ ಕಾರ್ಡಿಗೆ ಹೇಳಲು ಪ್ರೆಸ್ಸಿಗೆ ಬಂದಿದ್ದರು. ಜಾಹೀರಾತಿನ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕಾರ್ಡಿನ ಕೆಳಗೆ ‘ಡಾಕ್ಟರ್ ಆರ್ವಿಡ್ ಬ್ರೆಕ್ಕೆಯವರ ಪತ್ನಿ’ ಎಂದು ಸ್ವಲ್ಪ ದಪ್ಪ ಅಕ್ಷರದಲ್ಲಿ ಬರಲಿ ಎಂದರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಲೋವೆಲ್ಲೇ ಬಂದ. ಮತದಾರರಿಗೆ ಧನ್ಯವಾದ ಹೇಳುವ ಕರಪತ್ರ ಅಚ್ಚು ಹಾಕಿಸಬೇಕಿತ್ತು. ತಾಯಿಯನ್ನು ಕಂಡು ಹೆಜ್ಜೆ ನಿಧಾನ ಮಾಡಿದ. ಹತ್ತಿರ ಬಂದು ಕೆನ್ನೆಗೆ ಮುತ್ತಿಟ್ಟ. ಆಕೆ ಕೆನ್ನೆ ಕೊಟ್ಟರು.

“ಗೆದ್ದೆಯಲ್ಲ,” ಅಂದರು. “ಇನ್ನು ನಿಮ್ಮಪ್ಪನ್ನ ಮತ್ತೆ ಡಾಕ್ಟರ್ ಮಾಡಿಬಿಡು.”

“ಮಾಡ್ತೀನಿ ಅಮ್ಮ. ಆದ್ರೆ ಎರಡೇ ವರ್ಷಕ್ಕೆ ಮತ್ತೆ ಚುನಾವಣೆ ಬರತ್ತೆ, ನೋಡು.”

“ಅದಾದ್ಮೇಲೆ?”

“ಅದಾದ್ಮೇಲೆ ವಾಷಿಂಗ್ಟನ್ನಿನ ಮೇಲ್ಮನೆಗೆ ನಿಲ್ಲೋ ಯೋಚನೆ ಇದೆ.”

“ಅಷ್ಟು ಹೊತ್ತಿಗೆ ನಿಮ್ಮಪ್ಪ ಚರ್ಚಿನ ಮುಂದೆ ಕೈಚಾಚಿ ಕೂತಿರ್ತಾರೆ ಅನ್ನು.”

ಲೋವೆಲ್ ನಕ್ಕ. ಅವನ ನಗು ಚೆನ್ನಾಗಿದೆ, ಮೀನುಮನೆ ಮಾರಿದ್ದು ಅದೇ ನಗು. ಸಲಿಗೆಯಿಂದ ನನ್ನ ಕಡೆಗೂ ಒಮ್ಮೆ ನೋಡಿ ಹೇಳಿದ, “ಅಷ್ಟು ದೊಡ್ಡ ಕ್ಷೇತ್ರಕ್ಕೆ ಅನಾಥ ಅಂದ್ರೇ ಇನ್ನೂ ಚೆನ್ನಾಗಿರತ್ತೆ ಅಂತಾನೆ ಬ್ರೈಸ್. ತಮಾಷೆಗೆ, ಅಮ್ಮ.”

ಮಿಸೆಸ್ ಬ್ರೆಕ್ಕೆ ಅವನನ್ನು ನೋಡುತ್ತಿದ್ದರು. ಮುಖವನ್ನಲ್ಲ, ಎದೆಯನ್ನು. ಅವನು ಹಾಕಿದ್ದ ಒರಟು ಬಟ್ಟೆಯ ಕೆಲಸಗಾರರ ಕೋಟಿನಲ್ಲಿ ಮೇಲಿನಿಂದ ಎರಡನೇ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಆಕೆ ಕೈಗವಸು ಬಿಚ್ಚಿ ಕೌಂಟರಿನ ಮೇಲಿಟ್ಟರು. ಕೈಚೀಲದಿಂದ ಸೂಜಿ, ಕಂದು ದಾರ ತೆಗೆದು, ಕನ್ನಡಕ ಹಾಕಿಕೊಂಡು ಪೋಣಿಸಿದರು. ಅದನ್ನು ಬೇಕೆಂದೇ ಹಾಗೆ ಬಿಟ್ಟಿರುವುದು ಎಂದು ಹೇಳಲು ಲೋವೆಲ್ ಬಾಯಿ ತೆರೆದ. ಸೂಜಿ ಗಂಟಲಿನ ಹತ್ತಿರ ಬಂದದ್ದರಿಂದ ಮುಚ್ಚಿಕೊಂಡ. ಹೊಸ ಸಂಸದ ಗದ್ದ ಮೇಲೆತ್ತಿ ಅಲ್ಲಾಡದೆ ನಿಂತ. ಆಕೆ ನಾಲ್ಕು ಸುತ್ತು ಹೊಲಿದು, ಗುಂಡಿಯನ್ನು ಎಳೆದು ನೋಡಿ, ಸಾಲದೆಂದು ಇನ್ನೆರಡು ಸುತ್ತು ಹಾಕಿದರು. ನಾನು ಕತ್ತರಿ ಹುಡುಕಿ ತರುವಷ್ಟರಲ್ಲಿ ದಾರವನ್ನು ಹಲ್ಲಿನಿಂದ ಕಡಿದಾಗಿತ್ತು.