ಮೇಷ್ಟ್ರು ಹೇಳದ ಸಾಲು

"ಅದಾದ ಮೇಲೆ ಎಂತ ಇತ್ತು?"

ಜಿನಾಯಿದಾ ಕೇಳಿದ್ದು ಯಾರನ್ನೂ ಅಲ್ಲ. ಗಾಲಿಕುರ್ಚಿ ಕಿಟಕಿಗೆ ಮುಖ ಮಾಡಿತ್ತು. ಆಚೆಗೆ ಪಕ್ಕದ ಮನೆಯವರ ರಂಬುತಾನ್ ಮರ, ಅದರ ನೆರಳಿಗೆ ನಿಲ್ಲಿಸಿದ ಕಾರು. ಲಕ್ವ ಹೊಡೆದ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬಲಗೈ ಬೆರಳು ಮಾತ್ರ ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿತ್ತು.

ಸುಗಂಧಿ ಅಡುಗೆಮನೆಯಿಂದಲೇ ಮುಂದಿನ ಸಾಲು ಹೇಳಿದಳು. ರಷ್ಯನ್ ಸಾಲು. ಅರ್ಥ ಅವಳಿಗೆ ಅರೆಬರೆ. ಏರಿಳಿತ ಮಾತ್ರ ಎಲ್ಲೂ ತಪ್ಪುತ್ತಿರಲಿಲ್ಲ.

"ನೀನು ಹೇಳಿಕೊಡಬೇಡ ಮಾರಾಯ್ತಿ," ಎಂದರು ಜಯರಾಮ, ಪೇಪರಿನ ಹಿಂದಿನಿಂದ. "ಅವಳೇ ನೆನಪು ಮಾಡಿಕೊಳ್ಳಲಿ ಅಂತ ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರು ನೀವೇ ಅಲ್ವಾ?"

"ನಾನು ಹೇಳಿದ್ದನ್ನ ಅವಳು ಯಾವ ಕಾಲಕ್ಕೆ ಕೇಳಿದ್ದುಂಟು? ಅದಕ್ಕೇ ಬೇರೆ ಡಾಕ್ಟ್ರ ಹತ್ತಿರ ಹೇಳಿಸಿದ್ದು."

ಜಿನಾಯಿದಾ ತಿರುಗಿ ನೋಡದೆ ನಕ್ಕಳು. "ಇವರು ಡಾಕ್ಟ್ರಲ್ಲ ಸುಗಂಧಿ. ಸತ್ತವರನ್ನ ಕೊಯ್ದು ಮಕ್ಕಳಿಗೆ ತೋರಿಸುವವರು. ನನ್ನ ಸರದಿ ಇನ್ನೂ ಬರಲಿಲ್ಲ."

ರಷ್ಯಾದಿಂದ ಬಂದ ಸೊಸೆ ಉಡುಪಿಯ ಅತ್ತೆಯಿಂದ ಕಲಿತ ಕನ್ನಡ ಅದು. ಮಣಿಪಾಲದಲ್ಲಿ ಕೆಲವು ವರ್ಷ, ಆಮೇಲೆ ಗಂಡ ಇಲ್ಲಿನ ವೈದ್ಯಕೀಯ ಕಾಲೇಜಿಗೆ ಶರೀರರಚನೆ ಕಲಿಸಲು ಬಂದಾಗಿನಿಂದ ಕಡಲಾಚೆಯ ಈ ಮೆಲಾಕಾ ಊರು. ಸುಗಂಧಿಯ ಗಂಡನೂ ಅದೇ ಕಾಲೇಜು. ಅವಳು ಮೊದಲ ಸಲ ಈ ಮನೆಗೆ ಬಂದದ್ದು ಸಂಕ್ರಾಂತಿಯ ಎಳ್ಳು ಕೊಡಲು. ಅಂದು ಬಾಗಿಲಲ್ಲಿ ನಿಂತಾಗ ಒಳಗೆ ಯಾರೋ ತಮ್ಮಷ್ಟಕ್ಕೆ ಪದ್ಯ ಹೇಳಿಕೊಳ್ಳುವುದು ಕೇಳಿಸಿತ್ತು. ಭಾಷೆ ತಿಳಿಯಲಿಲ್ಲ. ಆದರೆ ಚನ್ನರಾಯಪಟ್ಟಣದ ಮನೆಯ ಜಗುಲಿಯಲ್ಲಿ ತಾತ ಗಮಕ ಮಾಡುತ್ತಿದ್ದಾಗ ಕೈಮುಗಿದು ಕೂರುತ್ತಿದ್ದವಳಿಗೆ, ಇದು ಓದಿ ಹೇಳುವ ದನಿಯಲ್ಲ, ಎದೆಯಲ್ಲಿಟ್ಟುಕೊಂಡು ಹೇಳುವ ದನಿ ಎಂದು ತಿಳಿಯಿತು. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೇ ಕುಳಿತುಬಿಟ್ಟಳು. ಮುಗಿದ ಮೇಲೆ ಕರೆಗಂಟೆ ಒತ್ತಿದಳು.

"ಎಲ್ಲಿವರೆಗೆ ಕೇಳಿಸಿಕೊಂಡೆ?" ಎಂದು ಜಿನಾಯಿದಾ ಕೇಳಿದಾಗ, ಸುಗಂಧಿ ಕೊನೆಯ ಎರಡು ಸಾಲನ್ನು ಹಾಗೆಯೇ ಒಪ್ಪಿಸಿದಳು. ಆ ಹೆಂಗಸು ಎಳ್ಳಿನ ಪೊಟ್ಟಣ ಹಿಡಿದುಕೊಂಡೇ ಅತ್ತುಬಿಟ್ಟಳು.

ಆಮೇಲೆ ಪ್ರತಿ ಭಾನುವಾರ, ಜೀನಕ್ಕ ಎಂದು ಕರೆಯುತ್ತ, ಎದುರು ಕೂತು ಬಾಯಿಪಾಠ ಮಾಡಿದ್ದೇ ಮಾಡಿದ್ದು. ಆ ಪದ್ಯ ಯಾರದು, ಏಕೆ ಪುಸ್ತಕದಲ್ಲಿಲ್ಲ ಎಂಬುದೆಲ್ಲ ಆಗ ತಿಳಿಯುತ್ತ ಹೋಯಿತು.

ವೋಲ್ಗಾ ನದಿ ದಡದ ಒಂದು ಊರಿನಲ್ಲಿ ಗ್ಲೆಬ್ ಎಂಬ ಮೇಷ್ಟ್ರು ತತ್ವಶಾಸ್ತ್ರ ಕಲಿಸುತ್ತಿದ್ದರು. ತರಗತಿಯಲ್ಲಿ ಸರ್ಕಾರ ಕೊಟ್ಟ ಪಾಠ. ಮನೆಗೆ ಬಂದ ಜಿನಾಯಿದಾ ಮತ್ತು ಕೆಲವೇ ಹುಡುಗರೆದುರು, ಚಹಾ ಕುಡಿಯುತ್ತ, ಬೇರೆ ಮಾತು. ಇತಿಹಾಸ ಒಂದಲ್ಲ ಒಂದು ದಿನ ಎಲ್ಲರಿಗೂ ನ್ಯಾಯ ಕೊಡುತ್ತದೆ ಎಂದು ಪಾಠದಲ್ಲಿತ್ತು. ನಿನ್ನೆ ಸತ್ತವನಿಗೆ ಆ ದಿನ ಕಟ್ಟಿಕೊಂಡು ಏನಾಗಬೇಕು ಎಂದು ಅವರು ಕೇಳುತ್ತಿದ್ದರು. ಅಷ್ಟೇ ಅವರು ಕೇಳಿದ್ದು. ಆದರೆ ವಾದಿಮ್ ಎಂಬ ಶಿಷ್ಯ ಅದಕ್ಕೆ ಇನ್ನಷ್ಟು ಸೇರಿಸಿ ಸರ್ಕಾರಕ್ಕೆ ಒಂದು ಹೇಳಿಕೆ ಬರೆದ. ಮೇಷ್ಟ್ರು ದೇಶವನ್ನು ಶಪಿಸಿದರು, ಹುಡುಗರನ್ನು ದಂಗೆಗೆ ಕರೆದರು ಎಂದು. ಉಳಿದ ಶಿಷ್ಯರು ಸಹಿ ಹಾಕಿದರು. ಜಿನಾಯಿದಾ ಹಾಕಲಿಲ್ಲ. ಅವಳ ಓದು ಅಲ್ಲಿಗೆ ನಿಂತಿತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ವೈದ್ಯಕೀಯ ಕಲಿಯಲು ಹೋಗಿದ್ದ ಉಡುಪಿಯ ಹುಡುಗ ಅವಳನ್ನು ಕಂಡದ್ದು ಅಲ್ಲೇ. "ನನ್ನ ಬಿಳಿ ಕೋಟಿಗೆ ಇವಳು ಗಂಜಿ ಜಾಸ್ತಿ ಹಾಕ್ತಿದ್ದಳು, ಬಗ್ಗಲಿಕ್ಕೇ ಆಗ್ತಿರಲಿಲ್ಲ," ಎಂದು ಜಯರಾಮ ಈಗಲೂ ಹೇಳುತ್ತಿದ್ದರು.

ಮೇಷ್ಟ್ರನ್ನು ಹುಚ್ಚಾಸ್ಪತ್ರೆಗೆ ಹಾಕಿದರು. ಬಿಟ್ಟ ಮೇಲೆ ಅವರ ಮನೆಯಲ್ಲಿ ಒಂದು ಹಾಳೆ ಸಿಕ್ಕಿದರೂ ಮತ್ತೆ ಒಳಗೆ. ಹಾಗಾಗಿ ತಮ್ಮ ವಿಚಾರವನ್ನೆಲ್ಲ ಪ್ರಾಸ ಕಟ್ಟಿ ಪದ್ಯ ಮಾಡಿ, ನದಿಯ ದಡದಲ್ಲಿ ನಡೆಯುತ್ತ ಜಿನಾಯಿದಾಳ ಬಾಯಿಗೆ ಹಾಕಿದರು. ಒಂದು ಪದ ಕೂಡಿಸಬಾರದು, ಒಂದು ಪದ ಬಿಡಬಾರದು. ಮರೆತರೆ ಆ ಸಾಲಿನಷ್ಟು ಹೊತ್ತು ಸುಮ್ಮನಿದ್ದು ಮುಂದಕ್ಕೆ ಹೋಗಬೇಕು. ಅವರು ಸತ್ತ ಮೇಲೆ ಆ ಪದ್ಯ ಇದ್ದದ್ದು ಅವಳೊಬ್ಬಳಲ್ಲಿ.

ಅಲ್ಲಿನ ಹಳೆಯ ಸರ್ಕಾರ ಬಿದ್ದ ವರ್ಷ ಅವಳು ಮಣಿಪಾಲದಿಂದ ರಷ್ಯಾಕ್ಕೆ ಹೋಗಿ ಪ್ರಕಾಶಕರ ಮನೆಬಾಗಿಲು ತಟ್ಟಿದಳು. ಈಗ ಭಯವಿಲ್ಲ, ಅಚ್ಚು ಹಾಕಿ ಎಂದಳು. ಒಬ್ಬ ನಯವಾಗಿ, ಜನರಿಗೆ ಈಗ ಕೊಲೆಯ ಕಥೆ ಬೇಕು, ಜಾತಕದ ಪುಸ್ತಕ ಬೇಕು ಎಂದ. ಇನ್ನೊಬ್ಬ, ಇಂಥ ಮೇಷ್ಟ್ರುಗಳು ಊರಿಗೊಬ್ಬರಿದ್ದರಮ್ಮ ಎಂದ. ಪ್ರಾಣ ಹೋಗುವಷ್ಟು ಭಯಪಟ್ಟು ಕಾದದ್ದನ್ನು ಸುಮ್ಮನೆ ಕೊಟ್ಟರೂ ಕೇಳುವವರಿಲ್ಲ. ಆ ಸಲ ವಾಪಸು ಬಂದವಳು ಮತ್ತೆ ಆ ದೇಶಕ್ಕೆ ಕಾಲಿಡಲಿಲ್ಲ.

ಈಗ ಕೇಳುವವನೊಬ್ಬ ಹುಟ್ಟಿದ್ದ. ಯುದ್ಧ ಶುರುವಾದ ಮೇಲೆ ರಷ್ಯಾ ಬಿಟ್ಟು ಬಾಲ್ಟಿಕ್ ತೀರದ ಒಂದು ಊರಿನಲ್ಲಿ ಸಣ್ಣ ಪ್ರಕಾಶನ ಇಟ್ಟುಕೊಂಡವನು. ಅವನಿಗೆ ಗ್ಲೆಬ್ ಮೇಷ್ಟ್ರ ಹೆಸರು ಗೊತ್ತಾದದ್ದು ವಾದಿಮ್‌ನಿಂದಲೇ. ವಾದಿಮ್ ಈಗ ಮಾಸ್ಕೋದಲ್ಲಿ ದೊಡ್ಡ ಮನುಷ್ಯ. ಮೇಷ್ಟ್ರ ನೆನಪು ಎಂದು ದಪ್ಪ ಪುಸ್ತಕ ಬರೆದು, ಅವರು ತನ್ನನ್ನು ಕ್ಷಮಿಸಿದರೆಂದೂ, ಸಾಯುವ ಮುಂಚೆ ದೇಶಕ್ಕಾಗಿ ಪ್ರಾಣ ಕೊಡುವುದೇ ಪರಮ ತತ್ವ ಎಂದು ತನಗೆ ಹೇಳಿದರೆಂದೂ ಸಾರುತ್ತಿದ್ದ. ಕಾಲೇಜುಗಳಲ್ಲಿ ಅದನ್ನೇ ಓದಿಸುತ್ತಿದ್ದರಂತೆ. ಅದಕ್ಕೆ ಎದುರಾಗಿ ಮೇಷ್ಟ್ರ ಸ್ವಂತ ಮಾತು ಇದ್ದರೆ ಕೊಡಿ, ಆದರೆ ಅವರ ಬಾಯಿಂದ ಕೇಳಿದವರು ಕ್ಯಾಮೆರಾದ ಮುಂದೆ 'ಇದು ಅವರದೇ' ಎನ್ನಬೇಕು, ಖೋಟಾ ಹಸ್ತಪ್ರತಿಗಳ ಕಾಟ ಜಾಸ್ತಿಯಾಗಿದೆ ಎಂದು ಆ ಪ್ರಕಾಶಕ ಜಿನಾಯಿದಾಳನ್ನು ಹುಡುಕಿಸಿ ಹೇಳಿ ಕಳಿಸಿದ್ದ.

ಅಷ್ಟರಲ್ಲಿ ಜಿನಾಯಿದಾಳಿಗೆ ಲಕ್ವ ಹೊಡೆದಿತ್ತು. ಪದ್ಯದ ಮುಕ್ಕಾಲು ಅಳಿಸಿಹೋಗಿತ್ತು. ಸುಗಂಧಿ ಪಕ್ಕದಲ್ಲಿ ಕೂತು ಒಂದೊಂದೇ ಪದ್ಯ ಹೇಳಿದಾಗ, "ನನಗೆ ಮರೆತದ್ದೆಲ್ಲ ನಿನ್ನ ಹತ್ರ ಉಂಟು," ಎಂದು ಅವಳ ಕೈ ಹಿಡಿದುಕೊಂಡಿದ್ದಳು. ಹಳೆಯ ಭಯಕ್ಕೆ ಒಂದು ಸಾಲೂ ಬರೆದಿಡದವಳು, ಯಾವತ್ತೂ ಯಂತ್ರದೆದುರು ಬಾಯಿ ತೆರೆಯದವಳು, ಸುಗಂಧಿಯ ದನಿಯಲ್ಲಿ ಇಡೀ ಪದ್ಯವನ್ನು ಫೋನಿಗೆ ಹಾಕಲು ಒಪ್ಪಿದಳು. ಪ್ರಕಾಶಕ ಇವತ್ತು ಸಂಜೆ ಕರೆ ಮಾಡುವವನಿದ್ದ. ಅದಕ್ಕೆ ಮುಂಚೆ ಒಂದು ಸಲ ಪೂರ್ತಿ ಕೇಳಿಬಿಡುತ್ತೇನೆ ಎಂದು ಜಿನಾಯಿದಾ ಹಟ ಹಿಡಿದಿದ್ದಳು.

"ಮೊದಲು ಊಟ," ಎಂದರು ಜಯರಾಮ. ಮೂಲೆಯ ಮಾಮಕ್ ಹೋಟೆಲಿನಿಂದ ಟಪಾವ್ ಎಂದು ಕಟ್ಟಿಸಿಕೊಂಡು ಬಂದ ರೊಟಿ ಚನಾಯ್ ಪರೋಟ ಮೇಜಿನ ಮೇಲೆ ತಣ್ಣಗಾಗುತ್ತಿತ್ತು. ಇಬ್ಬರು ಹೆಂಗಸರೂ ಮುಟ್ಟಲಿಲ್ಲ. ಅವರೊಬ್ಬರೇ ತಿಂದರು.

ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಸುಗಂಧಿ ನೆಲದ ಮೇಲೆ ಕಾಲು ಮಡಿಸಿ ಕೂತಳು. ತನ್ನದೇ ದನಿಯನ್ನು ಕೇಳಲು ಅವಳಿಗೆ ಸಂಕೋಚ. ಆದರೂ ಮೊದಲ ಪದ್ಯಕ್ಕೇ ಕೈ ತಾನಾಗಿ ಮುಗಿದುಕೊಂಡಿತು. ನದಿ ಹೆಪ್ಪುಗಟ್ಟುವ ಪದ್ಯ ಹೋಯಿತು. ರೊಟ್ಟಿ ಕದ್ದ ಮಗುವನ್ನು ತಾಯಿ ಕರೆದು ತಲೆ ಸವರಿ ಕಳಿಸುವ ಪದ್ಯ ಹೋಯಿತು. ಜಿನಾಯಿದಾ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಳು. ಹತ್ತಿರದ ಸುರಾವ್ ಎಂಬ ಸಣ್ಣ ಮಸೀದಿಯಿಂದ ನಮಾಜಿನ ಕರೆ ಬಂದಾಗ ಜಯರಾಮ ಎದ್ದು ಫೋನ್ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಶುರು ಮಾಡಿದರು.

ಕೊನೆಯ ಭಾಗ ಬಂತು. ವಾದಿಮ್ ಮೇಷ್ಟ್ರ ಮನೆಗೆ ಬಂದು ಬಾಗಿಲು ತಟ್ಟುವುದು. ಆಚೆ ನೀನು, ಈಚೆ ನಾನು, ನಡುವೆ ಒಂದು ಹಲಗೆ. ಫೋನಿನಲ್ಲಿ ಸುಗಂಧಿಯ ದನಿ ಏರಿ, ನಿಧಾನಕ್ಕೆ ಇಳಿದು, ಆ ಪದ್ಯದ ಕಡೆಯ ಸಾಲು ಹೇಳಿತು: ಹೋಗು ಮಗೂ, ನಿನ್ನನ್ನು ಕ್ಷಮಿಸಿದೆ.

ಜಿನಾಯಿದಾಳ ಬೆರಳು ನಿಂತಿತು.

"ಇನ್ನೊಂದು ಸಲ."

ಜಯರಾಮ ಹಿಂದಕ್ಕೆ ಸರಿಸಿ ಮತ್ತೆ ಕೇಳಿಸಿದರು.

"ಇದು ಅವರದ್ದಲ್ಲ."

"ನಿನಗೆ ಮರೆತಿದೆ," ಎಂದರು ಜಯರಾಮ.

"ಸಾಲು ಮರೆತಿದೆ. ಆ ದಿನ ಮರೆತಿಲ್ಲ. ನಾನು ಆ ರೂಮಿನಲ್ಲಿದ್ದೆ. ಅವನು ತಟ್ಟಿದ, ಅತ್ತ, ತಟ್ಟಿದ. ಮೇಷ್ಟ್ರು ಏಳಲೇ ಇಲ್ಲ. ಕ್ಷಮಿಸಿಲ್ಲ ಅವರು." ಕುರ್ಚಿಯನ್ನು ಒಂದೇ ಕೈಯಲ್ಲಿ ತಿರುಗಿಸಲು ನೋಡಿದಳು, ಆಗಲಿಲ್ಲ. "ಸುಗಂಧಿ, ಈ ಸಾಲು ನಾನು ನಿನಗೆ ಹೇಳಿದ್ದೆನಾ?"

ಸುಗಂಧಿ ನೆನಪಿಸಿಕೊಂಡಳು. ಒಂದು ಭಾನುವಾರ ಜೀನಕ್ಕ ಈ ಪದ್ಯ ಹೇಳುತ್ತಿದ್ದಾಗ ಕೊನೆಯ ಸಾಲಿಗೆ ಬಾಯಿ ಮುಚ್ಚಿಕೊಂಡು, ಬೆರಳಲ್ಲಿ ತಾಳ ಮಾತ್ರ ಹಾಕಿ, ಮುಂದಿನ ಪದ್ಯಕ್ಕೆ ಹೋಗಿದ್ದರು. ತಾತನೂ ಹಾಗೇ ಮಾಡುತ್ತಿದ್ದರು. ಪದ್ಯದ ತುದಿಯನ್ನು ಬಿಟ್ಟು, ತಾಳ ಹಾಕುತ್ತ ಅವಳ ಮುಖ ನೋಡುತ್ತಿದ್ದರು. ಅದನ್ನು ಎತ್ತಿಕೊಂಡು ಮುಗಿಸಬೇಕಾದವಳು ಅವಳು. ನೆನಪಾಗದಿದ್ದರೆ ಹಿಂದಿನ ಯಾವುದಾದರೂ ಪದ್ಯದಿಂದ ಹೊಂದುವ ಸಾಲು ತಂದು ಕೂಡಿಸಬೇಕು, ದೇವರೆದುರು ಪದ್ಯ ಅರ್ಧಕ್ಕೆ ನಿಲ್ಲಬಾರದು. ಆವತ್ತು ಮನೆಗೆ ಹೋಗಿ ದೀಪ ಹಚ್ಚಿ ಹೇಳಿಕೊಳ್ಳುವಾಗ, ರೊಟ್ಟಿ ಕದ್ದ ಮಗುವಿಗೆ ತಾಯಿ ಹೇಳಿದ ಸಾಲು ಅಲ್ಲಿಗೆ ಬಂದು ಸರಿಯಾಗಿ ಕೂತಿತ್ತು. ಅವಳು ಕೇಳಿಕೊಂಡು ಬೆಳೆದ ಕಥೆಗಳಲ್ಲೆಲ್ಲ ದೊಡ್ಡವರು ಕೊನೆಗೆ ಕ್ಷಮಿಸುತ್ತಾರೆ. ಬೇರೆ ಥರ ಇರಬಹುದೆಂದು ತೋಚಿಯೇ ಇರಲಿಲ್ಲ.

"ನೀವು ಬಿಟ್ಟಿರಿ ಜೀನಕ್ಕ. ನಾನು ಎತ್ಕೊಳ್ಳಲಿ ಅಂತ ಬಿಟ್ರಿ ಅಂದ್ಕೊಂಡೆ."

"ಮರೆತರೆ ಸುಮ್ಮನಿರಬೇಕು ಅಂತ ಹೇಳಿರಲಿಲ್ವಾ?"

"ಹೇಳಿದ್ರಿ. ನನಗೆ ಮರೆತಿರಲಿಲ್ಲವಲ್ಲ. ಬಂತು, ತಾನಾಗೇ ಬಂತು."

ಜಿನಾಯಿದಾ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. ಬಯ್ಯುತ್ತಾಳೆಂದು ಸುಗಂಧಿ ಕಾದಳು. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಮತ್ತೆ ಎಲ್ಲೆಲ್ಲಿ ಹಾಗೆ ಬಂತು?"

ಸುಗಂಧಿ ಕಣ್ಣು ಮುಚ್ಚಿ ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದಳು. ಕಾಯಿಲೆ ಬರುವ ಮುಂಚಿನ ತಿಂಗಳುಗಳಲ್ಲಿ ಜೀನಕ್ಕ ಹಾಗೆ ತಾಳ ಮಾತ್ರ ಹಾಕಿದ್ದು ಹಲವು ಸಲ. ಎಲ್ಲೆಲ್ಲಿ? ಪದ್ಯಗಳು ಒಂದರ ಹಿಂದೆ ಒಂದು ಬಂದವು, ತುಂಬಿಕೊಂಡು, ಎಲ್ಲೂ ಎಡವದೆ. ತಾನು ಕೇಳಿದ್ದಾವುದು, ತಂದು ಇಟ್ಟದ್ದಾವುದು ಎಂದು ನಾಲಿಗೆಗೆ ಗೊತ್ತಿರಲಿಲ್ಲ.

"ತಿಳೀತಿಲ್ಲ," ಎಂದಳು. "ಕೃಷ್ಣಾ, ನನಗೆ ತಿಳೀತಿಲ್ಲ ಜೀನಕ್ಕ. ಎಲ್ಲಾ ಒಂದೇ ಆಗಿಹೋಗಿದೆ."

ಜಯರಾಮ ಎದ್ದು ಬಂದು ಹೆಂಡತಿಯ ಎದುರು ಮೊಣಕಾಲೂರಿದರು. ಆ ವಯಸ್ಸಿಗೆ ಅದು ಸುಲಭವಲ್ಲ; ಕುರ್ಚಿಯ ಚಕ್ರ ಹಿಡಿದುಕೊಂಡರು. "ನೋಡು ಜೀನಾ. ಆ ಒಂದು ಸಾಲು ತೆಗೆದುಬಿಡುವ. ಉಳಿದದ್ದರಲ್ಲಿ ಹತ್ತು ಕಡೆ ಹೆಚ್ಚುಕಡಿಮೆ ಇದ್ದರೆ ಇರಲಿ. ಅವರ ಪದಗಳೇ ಅಲ್ವಾ ಎಲ್ಲ? ಇವಳು ಹೊರಗಿಂದ ಎಂತ ತಂದಿದ್ದಾಳೆ? ಅವರದೇ ಅಂಗಿ ಬಿಚ್ಚಿ ಅವರದೇ ಅಂಗಿಗೆ ತೇಪೆ ಹಾಕಿದ್ದಾಳೆ."

"ವಾದಿಮ್ ಕೂಡ ಅವರ ಪದಗಳನ್ನೇ ತೆಗೆದುಕೊಂಡದ್ದು. ಅವರು ಕೇಳಿದ ಪ್ರಶ್ನೆಯನ್ನೇ. ಮುಂದೊಂದಿಷ್ಟು, ಹಿಂದೊಂದಿಷ್ಟು ಸೇರಿಸಿದ."

"ಅವನನ್ನೂ ಇವಳನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ತೀಯಾ ನೀನು?"

"ಇವಳು ಒಳ್ಳೆಯವಳು," ಎಂದಳು ಜಿನಾಯಿದಾ. "ಅವನೂ ಹೇಳಿದ್ದ, ಮೇಷ್ಟ್ರಿಗೆ ಶಿಕ್ಷೆ ಕಡಿಮೆ ಆಗಲಿ ಅಂತ ಬರೆದೆ ಅಂತ. ಇರಬಹುದು. ಸೆರಗು ಒದ್ದೆ ಮಾಡ್ಕೋಬೇಡ ಸುಗಂಧಿ, ಒಳಗೆ ಟವೆಲ್ ಉಂಟು."

ಸುಗಂಧಿ ಏಳಲಿಲ್ಲ. ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಫೋನ್ ನಡುಗಿ ರಿಂಗಾಯಿತು. ಪರದೆಯ ಮೇಲೆ ಪ್ರಕಾಶಕನ ಹೆಸರು. ಮೂವರೂ ಅದನ್ನೇ ನೋಡಿದರು.

"ನೀನು ಹೌದು ಅನ್ನದಿದ್ದರೆ ಅವನು ಅಚ್ಚು ಹಾಕುವುದಿಲ್ಲ," ಎಂದರು ಜಯರಾಮ. "ಅಚ್ಚು ಹಾಕದಿದ್ದರೆ ಲೋಕದಲ್ಲಿ ಉಳಿಯೋದು ವಾದಿಮ್‌ನ ಪುಸ್ತಕ ಒಂದೇ. ಮೇಷ್ಟ್ರು ಅಂದ್ರೆ ಅದೇ ಅಂತಾಗ್ತದೆ. ನಿನ್ನ ಹತ್ರ ಇಲ್ಲ, ಇವಳ ಹತ್ರ ಇದ್ದದ್ದು ನಿನಗೆ ಬೇಡ. ಮತ್ತೆ ಎಲ್ಲಿಂದ ತರೋದು? ಗೊತ್ತುಂಟಾ ನಿನಗೆ?"

"ಗೊತ್ತುಂಟು."

"ನನಗಾಗಿ ಕೇಳ್ತಿಲ್ಲ. ಅವರಿಗಾಗಿ. ಎರಡೇ ಪದ ಹೇಳು ಜೀನಾ. 'ಇದು ಅವರದೇ' ಅನ್ನು, ಸಾಕು. ನಿನ್ನ ಇಡೀ ಜನ್ಮ ಇದಕ್ಕೇ ಸವೆಸಿದ್ದೀಯಲ್ಲ."

ಅವರು ಫೋನ್ ಎತ್ತಿ ಹಸಿರು ಗುಂಡಿ ಒತ್ತಿದರು. ಗಡ್ಡದ ಯುವಕನೊಬ್ಬ ಪರದೆಯಲ್ಲಿ ಮೂಡಿ, ನಗುತ್ತ, ರಷ್ಯನ್ನಿನಲ್ಲಿ ನಮಸ್ಕಾರ ಹೇಳಿ, ಬಹಳ ಗೌರವದಿಂದ ತನ್ನ ಪ್ರಶ್ನೆ ಕೇಳಿದ. ಇಷ್ಟು ದಿನದಲ್ಲಿ ಸುಗಂಧಿಗೂ ಅಷ್ಟು ಭಾಷೆ ತಿಳಿಯುತ್ತಿತ್ತು. ಈ ಧ್ವನಿಮುದ್ರಿಕೆಯಲ್ಲಿ ಇರುವುದು ಗ್ಲೆಬ್ ಅವರ ಪದ್ಯವೇ, ದಯವಿಟ್ಟು ತಾವು ಹೇಳಬೇಕು.

ಜಿನಾಯಿದಾ ಬಲಗೈಯಿಂದ ಕುಪ್ಪಸದ ಕೊರಳು ಸರಿಮಾಡಿಕೊಂಡು, ಅವನನ್ನು ನೇರ ನೋಡಿದಳು.

"ನ್ಯೆತ್," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ಕನ್ನಡದಲ್ಲಿ, "ಹೇಳುವುದಿಲ್ಲ."